ಖುಷಿಯ ಕಾಸು ಯಾರ ಖುಷಿಗೆ?

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಭ್ರಷ್ಟಾಚಾರ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯ ಜನರಿಗೆ ಗಣಿ ನೆನಪಾಗುತ್ತದೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರಲ್ಲಿ ಸಲ್ಲಿಸಿದ ವರದಿಯ ಬೆನ್ನಿಗೇ ರಾಜ್ಯದ ಮುಖ್ಯಮಂತ್ರಿ ರಾಜೀನಾಮೆ ನೀಡಬೇಕಾಯಿತು. ಅಂದು ಬಳ್ಳಾರಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ತುಂಬಿತ್ತು. ಆ ಹಗರಣದ ಬಗ್ಗೆ ನಾವು ಚಹಾದಂಗಡಿಗಳಲ್ಲಿ ಕುಳಿತು ಸಾಕಷ್ಟು ಮಾತನಾಡಿದ್ದೇವೆ, ನಾಯಕರನ್ನು ಬೇಕಾದಷ್ಟು ದೂಷಿಸಿದ್ದೇವೆ. ಆದರೆ ಇಂದು ನಾವು ಪ್ರಸ್ತಾಪಿಸಬಯಸುವುದು ನೂರು, ಇನ್ನೂರು, ಐನೂರು ರೂಪಾಯಿಗಳ ಭ್ರಷ್ಟಾಚಾರವನ್ನು. ಅದು ನಡೆಯುವುದು ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ. ಅದರ ಹಣ ಹೋಗುವುದು ನಮ್ಮ ಜೇಬಿನಿಂದ, ನಮ್ಮದೇ ಕೈಯಿಂದ.

ಮೊದಲು ನಮ್ಮ ಮನೆಯ ಮಾತನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಮಗಳ ಹೆರಿಗೆ ಒಂದು ಸರಕಾರಿ ಆಸ್ಪತ್ರೆಯಲ್ಲಾಯಿತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಅದೊಂದೇ ಆಸ್ಪತ್ರೆಯ ತಪ್ಪು ಎಂಬಂತಾಗುತ್ತದೆ. ನಡುರಾತ್ರಿ ಕಳೆದು ಮಗು ಹುಟ್ಟಿತು. ಹೆರಿಗೆ ಮಾಡಿಸಿದ ವೈದ್ಯೆ ಒಂದು ಪೈಸೆ ಕೇಳಲಿಲ್ಲ, ರಾತ್ರಿಯಿಡೀ ನಿಂತೇ ಇದ್ದರು. ಆದರೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದ ಆಯಾ ಬಾಗಿಲ ಬಳಿಯೇ ನಿಂತುಬಿಟ್ಟಳು. “ಗಂಡು ಕೂಸು ಐತ್ರಿ, ಖುಷಿಗೆ ಏನರ ಕೊಡ್ರಿ” ಎಂದಳು. ನಾವು ಐನೂರರ ನೋಟೊಂದನ್ನು ಅವಳ ಕೈಗಿತ್ತೆವು. ಅವಳ ಹಿಂದೆ ನಿಂತವನಿಗೆ ಇನ್ನೂರು, ಬಾಗಿಲು ಕಾಯುವವನಿಗೆ ನೂರು. ಕೊಡುವಾಗ ನಮಗೆ ಯಾವ ನೋವೂ ಆಗಲಿಲ್ಲ. ಕೂಸಿನ ಮುಖ ಕಂಡ ಸಂತೋಷವಿತ್ತು. ಬಡ ಹೆಂಗಸು, ಇರಲಿ ಬಿಡು ಎಂಬ ಉದಾರ ಭಾವವೂ ಇತ್ತು.

ಬೆಳಗಾಯಿತು. ಪಕ್ಕದ ಮಂಚದಲ್ಲಿ ತಾಂಡಾವೊಂದರಿಂದ ಬಂದಿದ್ದ ಹೆಣ್ಣುಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ಕಾಫಿ ತೋಟದ ಕೂಲಿಗೆ ಹೋಗಿ, ದಿನ ತುಂಬಿದ ಮೇಲೆ ಊರಿಗೆ ಮರಳಿದ್ದ ಕುಟುಂಬ ಅದು. ಆಕೆಯ ತಾಯಿ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ತೆಗೆದಳು. ಅದನ್ನು ಕಂಡ ಅದೇ ಆಯಾ, “ರಾತ್ರಿ ಆ ಸಾಬ್ರು ಐನೂರು ಕೊಟ್ಟಾರ, ನೀ ಐವತ್ತು ಕೊಡ್ತೀಯೇನು?” ಎಂದು ಕೇಳಿದಳು. ಸ್ವಲ್ಪ ಹೊತ್ತಿನ ಬಳಿಕ ಆ ವೃದ್ಧೆ ನಮ್ಮ ಬಳಿಗೇ ಬಂದು, ತಲೆ ತಗ್ಗಿಸಿ ಸಾಲ ಕೇಳಿದಳು.

ಸಹೋದರರೇ, ಅಂದು ನಾವು ಸಂತೋಷದಿಂದ ಕೊಟ್ಟದ್ದು ಆ ವೃದ್ಧೆಯ ಪಾಲಿಗೆ ದರಪಟ್ಟಿಯಾಗಿತ್ತು. ಇಂದಿನ ನಮ್ಮ ಮಾತಿನ ಸಾರವೆಲ್ಲ ಇಷ್ಟೇ. ಕೊಡಲು ಶಕ್ತಿಯುಳ್ಳವನು ಆಸ್ಪತ್ರೆಯಲ್ಲಿ ಕೊಡುವ ಪ್ರತಿಯೊಂದು ನೋಟೂ, ಕೊಡಲು ಶಕ್ತಿಯಿಲ್ಲದವನ ಮೇಲೆ ಹೇರಿದ ತೆರಿಗೆಯಾಗುತ್ತದೆ.

ನಮ್ಮ ಈ ಐದು ತಾಲ್ಲೂಕುಗಳ ಸ್ಥಿತಿಯನ್ನು ಸ್ವಲ್ಪ ಗಮನಿಸಿ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆಯ ಜೊತೆಗೆ ಈ ಐದೂ ಅದರೊಳಗೆ ಸೇರಿದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಬಳಿಕ ವಿಜಯನಗರಕ್ಕೆ ಬಂತು. ಜಿಲ್ಲೆಯ ಹೆಸರು ಬದಲಾದರೂ ಕಾಯಿಲೆ ಬಿದ್ದವನ ದಾರಿ ಬದಲಾಗಲಿಲ್ಲ. ಮೊದಲು ಊರ ಸಮೀಪದ ಆರೋಗ್ಯ ಕೇಂದ್ರ, ಬಳಿಕ ತಾಲ್ಲೂಕು ಆಸ್ಪತ್ರೆ. ಅಲ್ಲಿ ಕೈಚೆಲ್ಲಿದರೆ ಹೊಸಪೇಟೆಗೆ, ಬಳ್ಳಾರಿಗೆ, ದಾವಣಗೆರೆಗೆ ಅಥವಾ ಹುಬ್ಬಳ್ಳಿಗೆ ಹೊರಡಬೇಕು. ಹಡಗಲಿ, ಹರಪನಹಳ್ಳಿಯವರಿಗೆ ಬಳ್ಳಾರಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿಯೂ ಹರಪನಹಳ್ಳಿಯೂ ಇದ್ದವು. ಮಳೆ ನಂಬಿದ ಹೊಲ, ಕೂಲಿ, ತಳ್ಳುಗಾಡಿ, ಗ್ಯಾರೇಜು, ಗುಳೆ ಇವುಗಳ ಮೇಲೆ ಬದುಕು ನಿಂತಿರುವ ಇಲ್ಲಿ ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲು ಎಂದರೆ ಒಂದು ವರ್ಷದ ಸಾಲ. ಆದ್ದರಿಂದ ಸರಕಾರಿ ಆಸ್ಪತ್ರೆಯನ್ನು ಇಲ್ಲಿಯ ಬಡವನ ಮಟ್ಟಿಗೆ ಎರಡನೆಯ ಆಯ್ಕೆ ಎನ್ನುವಂತಿಲ್ಲ. ಅದೊಂದೇ ಬಾಗಿಲು. ಆ ಬಾಗಿಲಲ್ಲೇ ಕೈ ಚಾಚಿದವರು ನಿಂತರೆ ಆತ ಎಲ್ಲಿಗೆ ಹೋಗಬೇಕು?

ಇನ್ನು ಸರಕಾರದ ಕಾಗದದಲ್ಲಿ ಏನಿದೆ ನೋಡೋಣ. 2011ರ ಜೂನ್ 1ರಂದು ಕೇಂದ್ರ ಸರಕಾರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ಸರಕಾರಿ ಆಸ್ಪತ್ರೆಗೆ ಬರುವ ಯಾವ ಗರ್ಭಿಣಿಯಿಂದಲೂ ಹಣ ಪಡೆಯುವಂತಿಲ್ಲ. ಸಹಜ ಹೆರಿಗೆ ಉಚಿತ, ಶಸ್ತ್ರಚಿಕಿತ್ಸೆಯ ಹೆರಿಗೆಯೂ ಉಚಿತ. ಔಷಧಿ, ರಕ್ತ, ಪರೀಕ್ಷೆಗಳು ಉಚಿತ. ಸಹಜ ಹೆರಿಗೆಯಾದರೆ ಮೂರು ದಿನ, ಶಸ್ತ್ರಚಿಕಿತ್ಸೆಯಾದರೆ ಏಳು ದಿನ ಊಟವೂ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಬಳಿಕ ತಾಯಿ-ಮಗುವನ್ನು ಮನೆಗೆ ತಲುಪಿಸುವ ವಾಹನವೂ ಉಚಿತ. ಹುಟ್ಟಿದ ಮಗು ಕಾಯಿಲೆ ಬಿದ್ದರೆ ಮೊದಲ ಮೂವತ್ತು ದಿನಗಳ ಚಿಕಿತ್ಸೆ ಉಚಿತವೆಂದಿದ್ದದ್ದು ಮುಂದೆ ಒಂದು ವರ್ಷಕ್ಕೆ ವಿಸ್ತರಣೆಯಾಯಿತು. ಇದಕ್ಕೆ ರೇಷನ್ ಕಾರ್ಡಿನ ಬಣ್ಣ ನೋಡಬೇಕಿಲ್ಲ. ಅದಕ್ಕೂ ಮೊದಲು, 2005ರಲ್ಲೇ ಜನನಿ ಸುರಕ್ಷಾ ಯೋಜನೆ ಬಂದು, ಬಡ ತಾಯಂದಿರಿಗೆ ಸಹಾಯಧನ ದೊರೆಯುವಂತಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಕನ್ನಡದಲ್ಲಿ ಸುಮ್ಮನೆ ಹುಟ್ಟಿಲ್ಲ. ಒಂದು ಕಿಟಕಿಯಲ್ಲಿ ಸರಕಾರ ಕೊಟ್ಟ ಏಳುನೂರು ರೂಪಾಯಿ ಇನ್ನೊಂದು ಬಾಗಿಲಲ್ಲಿ ಖುಷಿಯ ಹೆಸರಲ್ಲಿ ಹೊರಟುಹೋದರೆ, ಆ ತಾಯಿಗೆ ಉಳಿದುದೇನು?

ಈ ರೋಗ ನಮ್ಮ ಐದು ತಾಲ್ಲೂಕುಗಳದ್ದು ಮಾತ್ರವಲ್ಲ, ಇಂದು ನಿನ್ನೆಯದೂ ಅಲ್ಲ. ಬೆಂಗಳೂರಿನಲ್ಲಿ ಡಾ. ಸ್ಯಾಮ್ಯುಯೆಲ್ ಪಾಲ್ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ತೊಂಬತ್ತರ ದಶಕದಿಂದಲೇ ಸರಕಾರಿ ಸೇವೆಗಳ ಬಗ್ಗೆ ಜನರನ್ನು ಕೇಳಿ, ಮಕ್ಕಳ ಅಂಕಪಟ್ಟಿಯಂತೆ ಅಂಕ ಹಾಕಿ ಪ್ರಕಟಿಸುತ್ತ ಬಂತು. ನಗರದ ಬಡವರ ಹೆರಿಗೆ ಆಸ್ಪತ್ರೆಗಳ ಸ್ಥಿತಿಯೂ ಅಂತಹ ಸಮೀಕ್ಷೆಯಲ್ಲಿ ಬಯಲಾಯಿತು. ಹೆತ್ತ ತಾಯಿಗೆ ಅವಳ ಮಗುವನ್ನು ತೋರಿಸಲೂ ಹಣ, ಗಂಡಿಗೆ ಒಂದು ದರ, ಹೆಣ್ಣಿಗೆ ಇನ್ನೊಂದು ದರ. 2005ರಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನೇ ಬೆಂಗಳೂರಿನಿಂದ ವರದಿ ಮಾಡಿತು. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ಬೀಗುತ್ತಿದ್ದ ನಗರದ ಬಗ್ಗೆ ಜಗತ್ತು ಓದಿದ ಸುದ್ದಿ ಅದು. ನಮ್ಮ ರಾಜ್ಯದಲ್ಲಿ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ನೀಡಿ, ಆರೋಗ್ಯ ಇಲಾಖೆಯ ಮುಖ್ಯ ರೋಗಗಳ ಸಾಲಿನಲ್ಲಿ ಭ್ರಷ್ಟಾಚಾರವನ್ನೂ ಇಟ್ಟಿತು. ಮುಂದೆ ನ್ಯಾಯಮೂರ್ತಿ ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ ಅದೇ ಸುದರ್ಶನ್ ಅವರು ಆರೋಗ್ಯ ವಿಭಾಗದ ಜಾಗೃತ ದಳದ ಹೊಣೆ ಹೊತ್ತು ಆಸ್ಪತ್ರೆಗಳನ್ನು ಸುತ್ತಿದರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಒಂದು ಕುಟುಂಬ ತನ್ನ ಕೈಯಿಂದ ಮಾಡಿದ ಸರಾಸರಿ ಖರ್ಚು 2,916 ರೂಪಾಯಿ. ಅದೆಲ್ಲವೂ ಲಂಚವಲ್ಲ. ಹೊರಗಿನ ಔಷಧಿ, ಆಟೋ, ಊಟ ಎಲ್ಲವೂ ಅದರಲ್ಲಿ ಸೇರಿವೆ. ಆದರೂ, ಸಂಪೂರ್ಣ ಉಚಿತವೆಂದು ಘೋಷಿಸಿ ಎಂಟು ವರ್ಷಗಳೇ ಕಳೆದಿದ್ದ ಸೇವೆಗೆ ಬಡವನ ಜೇಬಿನಿಂದ ಸುಮಾರು ಮೂರು ಸಾವಿರ ಹೋಗುತ್ತಿದ್ದರೆ ಅದನ್ನು ಉಚಿತವೆನ್ನುವುದು ಹೇಗೆ?

ಹೆರಿಗೆ ಒಂದು ಉದಾಹರಣೆ ಮಾತ್ರ. ಇನ್ನೊಂದು ಬಾಗಿಲಿದೆ. ಅದರ ಬಗ್ಗೆ ಮಾತನಾಡುವುದೇ ಕಷ್ಟ. ಕೂಡ್ಲಿಗಿಯ ಮೂಲಕ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಹೆದ್ದಾರಿಯಲ್ಲಿ ನಮ್ಮ ಹುಡುಗನೊಬ್ಬ ಅಪಘಾತದಲ್ಲಿ ತೀರಿಕೊಂಡರೆ ಮರಣೋತ್ತರ ಪರೀಕ್ಷೆಯಾಗಬೇಕು. ಮಯ್ಯಿತ್‌ನ ದಫನವನ್ನು ತಡಮಾಡಬಾರದೆಂಬ ಆತುರ ನಮಗೆ ಸಹಜ. ಮನೆಯಲ್ಲಿ ಹೆಂಗಸರು ಅಳುತ್ತಿರುತ್ತಾರೆ, ಕಬರಸ್ತಾನದಲ್ಲಿ ಗುಂಡಿ ತೋಡಿಯಾಗಿರುತ್ತದೆ. ಶವಾಗಾರದ ಬಾಗಿಲಲ್ಲಿ ನಿಂತವನಿಗೆ ಈ ಆತುರ ಗೊತ್ತಿದೆ. ನಮ್ಮ ಧಾರ್ಮಿಕ ಕರ್ತವ್ಯವೇ ಅವನ ಚೌಕಾಶಿಯ ತಕ್ಕಡಿಯಾಗುತ್ತದೆ. ನಾವೂ ಲೆಕ್ಕ ಕೇಳದೆ ಕೊಟ್ಟು, ಮಯ್ಯಿತ್ ಹೊತ್ತು ನಡೆಯುತ್ತೇವೆ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ಬಳಿಕವೂ ಮರಣೋತ್ತರ ಪರೀಕ್ಷೆ ನಡೆಸಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಹೇಳಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರದಂತಹ ಪ್ರಕರಣಗಳು ಇದಕ್ಕೆ ಹೊರತು. ಈ ಸಂಗತಿಯನ್ನು ನಮ್ಮಲ್ಲಿ ಎಷ್ಟು ಜನ ತಿಳಿದಿದ್ದಾರೆ? ತಿಳಿಯದವನಿಗೆ ನಿಯಮವೂ ಮಾರಾಟದ ಸರಕೇ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಂತೋಷದಿಂದ ಕೊಟ್ಟದ್ದು ಲಂಚ ಹೇಗಾಗುತ್ತದೆ? ಅದು ಉಡುಗೊರೆಯಲ್ಲವೇ? ಬಹಳ ಜನ ಸಹೋದರರು ನಮ್ಮನ್ನು ಹೀಗೆ ಕೇಳಿದ್ದಾರೆ.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಝಕಾತ್ ಸಂಗ್ರಹಕ್ಕೆ ನೇಮಿಸಲ್ಪಟ್ಟಿದ್ದ ಒಬ್ಬರು ಮರಳಿ ಬಂದು, ಒಂದು ಪಾಲನ್ನು ಸಾರ್ವಜನಿಕ ನಿಧಿಯದೆಂದೂ ಇನ್ನೊಂದನ್ನು ತನಗೆ ಜನ ಕೊಟ್ಟ ಉಡುಗೊರೆಯೆಂದೂ ಬೇರ್ಪಡಿಸಿಟ್ಟರು. ಆತ ತನ್ನ ಹೆತ್ತವರ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬ ಅರ್ಥದಲ್ಲಿ ಪ್ರವಾದಿಯವರು ಜನರೆದುರು ಆಕ್ಷೇಪಿಸಿದ ಸಂಗತಿ ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಈ ಒರೆಗಲ್ಲಿಗೆ ನಮ್ಮ ಐನೂರು ರೂಪಾಯಿಯನ್ನು ಉಜ್ಜಿ ನೋಡೋಣ. ಆ ಆಯಾ ತನ್ನ ಮನೆಯಲ್ಲಿ ಕುಳಿತಿದ್ದರೆ ನಾವು ಅವಳ ವಿಳಾಸ ಹುಡುಕಿಕೊಂಡು ಹೋಗಿ ಐನೂರು ಕೊಡುತ್ತಿದ್ದೆವೇ? ಇಲ್ಲ. ಹಾಗಾದರೆ ನಾವು ಕೊಟ್ಟದ್ದು ಅವಳಿಗಲ್ಲ, ಅವಳು ನಿಂತಿದ್ದ ಬಾಗಿಲಿಗೆ.

ಈ ಗೊಂದಲ ಮುಸ್ಲಿಮರಿಗೆ ಅಥವಾ ಭಾರತೀಯರಿಗೆ ಮಾತ್ರ ಸೀಮಿತವಲ್ಲ. ಯುರೋಪಿನ ಹಂಗೇರಿ ದೇಶದಲ್ಲಿ ಸರಕಾರಿ ವೈದ್ಯರ ಜೇಬಿಗೆ ಲಕೋಟೆ ಇಡುವ ಪದ್ಧತಿ ದಶಕಗಳ ಕಾಲ ನಡೆದಿತ್ತು. ಅದಕ್ಕೆ ಅವರ ಭಾಷೆಯಲ್ಲಿ ಕೃತಜ್ಞತೆಯ ಹಣ ಎಂಬ ಅರ್ಥದ ಹೆಸರೇ ಇದೆ. ನಮ್ಮ ಖುಷಿಯ ಕಾಸಿನ ಸೋದರ ಸಂಬಂಧಿ! ಕೊನೆಗೆ ಅಲ್ಲಿಯ ಸರಕಾರ ಕಾನೂನು ತಂದು 2021ರ ಆರಂಭದಿಂದ ಅದನ್ನು ಕೊಡುವುದನ್ನೂ ಪಡೆಯುವುದನ್ನೂ ಅಪರಾಧವಾಗಿಸಿತು. ಅದೇ ಹೊತ್ತಿಗೆ ವೈದ್ಯರ ಸಂಬಳವನ್ನೂ ದೊಡ್ಡ ಪ್ರಮಾಣದಲ್ಲಿ ಏರಿಸಿತು. ಈ ಎರಡನೆಯ ಮಾತನ್ನು ನಾವು ಮರೆಯಬಾರದು.

ಏಕೆಂದರೆ ನ್ಯಾಯವೆಂಬುದು ಎರಡೂ ಕಡೆಗೆ ಇರಬೇಕು. ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಮಂಚ ತಳ್ಳುವವರು, ಬಾಗಿಲು ಕಾಯುವವರಲ್ಲಿ ಬಹಳಷ್ಟು ಜನ ಹೊರಗುತ್ತಿಗೆಯವರು. ಗುತ್ತಿಗೆದಾರ ಕೊಟ್ಟಾಗ ಸಂಬಳ, ಇಲ್ಲದಿದ್ದರೆ ಇಲ್ಲ. ನಮ್ಮಿಂದ ಐನೂರು ರೂಪಾಯಿ ಕಿತ್ತ ಆ ಹೆಂಗಸಿಗೆ ಅವಳ ಕೂಲಿಯನ್ನು ಯಾರೋ ಬಾಕಿ ಉಳಿಸಿಕೊಂಡಿರಬಹುದು. ಆದರೆ ಅವಳ ಬಾಕಿಯನ್ನು ತೀರಿಸಬೇಕಾದವನು ಗುತ್ತಿಗೆದಾರ, ತೀರಿಸುವಂತೆ ನೋಡಿಕೊಳ್ಳಬೇಕಾದದ್ದು ಸರಕಾರ. ಅದನ್ನು ತಾಂಡಾದ ಬಾಣಂತಿಯಿಂದ ವಸೂಲು ಮಾಡುವುದು ಯಾವ ನ್ಯಾಯ? ಲಂಚ ಬೇಡ ಎಂದು ಕೂಗುವ ನಾವು ಅವರ ಸಂಬಳಕ್ಕಾಗಿಯೂ ಕೂಗಬೇಕು. ಕೈ ಚಾಚದೆ ದುಡಿಯುವ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆದರೆ ಕೈ ಚಾಚದವರಿಗೆ ಮಾಡಿದ ಅನ್ಯಾಯವಾಗುತ್ತದೆ.

ಇನ್ನು ನಿರ್ಬಂಧದ ವಿಷಯ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಒಟ್ಟಿಗೇ ಶಪಿಸಿದ್ದಾರೆಂಬುದು ನಮಗೆಲ್ಲ ತಿಳಿದಿದೆ. ಹಾಗಾದರೆ ಮಗಳು ನೋವಿನಲ್ಲಿ ಒದ್ದಾಡುತ್ತಿರುವಾಗ ಬೇರೆ ದಾರಿ ಕಾಣದೆ ಕೊಟ್ಟ ತಂದೆಯ ಗತಿಯೇನು? ತನಗೆ ಸಲ್ಲಬೇಕಾದ ಹಕ್ಕನ್ನು ಪಡೆಯಲು ಅನ್ಯ ಮಾರ್ಗವಿಲ್ಲದೆ, ಇನ್ನೊಬ್ಬರ ಹಕ್ಕನ್ನು ಕಸಿಯದೆ ಕೊಟ್ಟವನ ಪಾಪ ಪಡೆದವನ ಮೇಲಿದೆ ಎಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ನಮ್ಮ ದೇಶದ ಕಾನೂನೂ ಬಹುತೇಕ ಇದೇ ವಿವೇಕವನ್ನು ತೋರಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ತನಿಖಾ ಅಧಿಕಾರಿಗಳಿಗೆ ತಿಳಿಸಿದರೆ ಅವನ ಮೇಲೆ ಅಪರಾಧವಿಲ್ಲ. ಮೊದಲೇ ಅವರಿಗೆ ತಿಳಿಸಿ, ಲಂಚಕೋರನನ್ನು ಹಿಡಿಯಲೆಂದು ಕೊಟ್ಟರೂ ಅಪರಾಧವಿಲ್ಲ. ಪಡೆದ ಸರಕಾರಿ ನೌಕರನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ. ಈ ಏಳು ದಿನಗಳನ್ನು ನೆನಪಿಡಿ. ಎಂಟನೆಯ ದಿನ ಮಸೀದಿಯ ಕಟ್ಟೆಯ ಮೇಲೆ ಕುಳಿತು ಆಕ್ರೋಶ ತೋಡಿಕೊಂಡರೆ ಕಾನೂನಿನ ರಕ್ಷಣೆ ಸಿಗದು.

ಯಾರಿಗೆ ತಿಳಿಸಬೇಕು? 2016ರಲ್ಲಿ ಲೋಕಾಯುಕ್ತದ ಹಲ್ಲು ಕಿತ್ತು ಭ್ರಷ್ಟಾಚಾರ ನಿಗ್ರಹ ದಳ ರಚಿಸಲಾಗಿತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಗೊಳಿಸಿದ್ದರಿಂದ ಈ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದೆ. ದೂರು ಕೊಟ್ಟರೆ ಅವರು ನೋಟುಗಳ ಸಂಖ್ಯೆ ಬರೆದುಕೊಂಡು ಅವುಗಳಿಗೆ ಫಿನಾಲ್ಫ್ತಲೀನ್ ಎಂಬ ಪುಡಿ ಸವರುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೈ ಸುಳ್ಳು ಹೇಳಲಾರದು. ಆದರೆ ಎಲ್ಲ ಪ್ರಕರಣಕ್ಕೂ ಪೊಲೀಸರ ತನಕ ಹೋಗಬೇಕಾಗಿಲ್ಲ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬರೆದು ಕೊಟ್ಟ ಒಂದು ಅರ್ಜಿ, ಅದಕ್ಕೆ ಪಡೆದ ಸ್ವೀಕೃತಿ, ಇವೇ ಎಷ್ಟೋ ಕೈಗಳನ್ನು ಹಿಂದೆಗೆಸುತ್ತವೆ. ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಅವುಗಳ ಹಣ ಹೇಗೆ ಬಂತು, ಹೇಗೆ ಹೋಯಿತೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿಯಲ್ಲಿ ಕೇಳಬಹುದು.

ಆದರೂ ಜನ ಏಕೆ ಕೇಳುವುದಿಲ್ಲ? ಭಯ. ರೋಗಿ ಒಳಗಿದ್ದಾಳೆ, ನಾವು ಹೊರಗೆ ಜಗಳವಾಡಿದರೆ ಒಳಗೆ ಅವಳನ್ನು ನೋಡಿಕೊಳ್ಳುವವರು ಯಾರು? ಈ ಭಯ ಸುಳ್ಳಲ್ಲ, ಇದನ್ನು ಹೇಡಿತನವೆಂದು ನಾವು ಹಳಿಯುವುದಿಲ್ಲ. ಒಂಟಿಯಾಗಿ ನಿಂತ ಬಡವನ ಕೋಪ ಅವನ ದವಡೆಗೇ ಮೂಲ. ಆದ್ದರಿಂದ ಇದು ಒಬ್ಬೊಬ್ಬರು ಮಾಡುವ ಕೆಲಸವಲ್ಲ, ಜಮಾಅತ್ ಮಾಡಬೇಕಾದ ಕೆಲಸ. ನಾವು ನಾಲ್ಕು ಸಣ್ಣ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ಪ್ರತಿಯೊಂದು ಮೊಹಲ್ಲಾದಲ್ಲಿ ಇಬ್ಬರು ಪುರುಷರು, ಇಬ್ಬರು ಮಹಿಳೆಯರು ಆಸ್ಪತ್ರೆಗೆ ಜೊತೆಗೆ ಹೋಗಲು ಸಿದ್ಧರಿರಲಿ. ಜಗಳಕ್ಕಲ್ಲ, ಜೊತೆಗೆ ನಿಲ್ಲಲು. ಅಕ್ಷರ ಬಲ್ಲ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ನಿಂತು ವಿನಯದಿಂದ “ರಸೀದಿ ಕೊಡ್ರಿ ಅಮ್ಮಾ” ಎಂದರೆ ಸಾಕು. ಸರಕಾರ ನಿಗದಿಪಡಿಸಿದ ಶುಲ್ಕಕ್ಕೆ ರಸೀದಿ ಇರುತ್ತದೆ, ರಸೀದಿ ಇಲ್ಲದ್ದು ಶುಲ್ಕವಲ್ಲ.

ಎರಡು, ಹೆರಿಗೆಗೆ ಏನೇನು ಉಚಿತ ಎಂಬ ಪಟ್ಟಿಯನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆದು ಮಸೀದಿಯ ಫಲಕಕ್ಕೆ ಅಂಟಿಸೋಣ. ಜುಮಾ ಪ್ರವಚನದಲ್ಲಿ ವರ್ಷಕ್ಕೊಮ್ಮೆಯಾದರೂ ಇದರ ಪ್ರಸ್ತಾಪ ಬರಲಿ.

ಮೂರು, ಉಳ್ಳವರು ಮೊದಲು ನಿಲ್ಲಿಸಲಿ. ಬಾಗಿಲಲ್ಲಿ ಕೊಡುವ ಅಭ್ಯಾಸ ಬಿಟ್ಟು, ಆ ಸಂತೋಷವನ್ನು ಬಹಿರಂಗವಾಗಿ ತೋರಿಸಲಿ. ವಾರ್ಡಿನ ಎಲ್ಲ ಬಾಣಂತಿಯರಿಗೂ ಹಣ್ಣು ಹಂಚಬಹುದು, ರಕ್ತದಾನ ಮಾಡಬಹುದು, ರಸೀದಿ ಪಡೆದು ಆಸ್ಪತ್ರೆಗೆ ಒಂದು ನೀರಿನ ಯಂತ್ರ ಕೊಡಬಹುದು. ಆಗ ಖುಷಿ ಖುಷಿಯಾಗಿಯೇ ಉಳಿಯುತ್ತದೆ, ಯಾರ ಪಾಲಿಗೂ ದರವಾಗುವುದಿಲ್ಲ.

ನಾಲ್ಕು, ನಮ್ಮ ಮಕ್ಕಳಲ್ಲಿ ಆಸ್ಪತ್ರೆಗಳಲ್ಲಿ ನೌಕರಿಯಲ್ಲಿರುವವರಿದ್ದಾರೆ. ಅವರ ಮನೆಯವರು ಅವರನ್ನು ಒಂದು ಪ್ರಶ್ನೆ ಕೇಳಲಿ. ತಿಂಗಳ ಸಂಬಳ ಇಷ್ಟು, ಮನೆಗೆ ಬರುತ್ತಿರುವುದು ಇಷ್ಟು, ನಡುವಿನದು ಎಲ್ಲಿಂದ ಬಂತು? ಆ ಪ್ರಶ್ನೆಯನ್ನು ಲೋಕಾಯುಕ್ತರಿಗಿಂತ ಮೊದಲು ತಾಯಿ ಕೇಳಬೇಕು, ಹೆಂಡತಿ ಕೇಳಬೇಕು.

ಕೊನೆಯದಾಗಿ ಒಂದು ಮಾತು. ಇಂದಿನ ದಿನಗಳಲ್ಲಿ ನಮ್ಮನ್ನು ಜಾತಿ, ಧರ್ಮಗಳ ಹೆಸರಿನಲ್ಲಿ ಬೇರ್ಪಡಿಸುವ ಪ್ರಯತ್ನಗಳಿಗೆ ಬರವಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಚಾಚಿದ ಕೈ ಮಾತ್ರ ಅಂತಹ ಭೇದ ಮಾಡುವುದಿಲ್ಲ. ಅದು ಸಾಬರಿಂದಲೂ ಪಡೆಯುತ್ತದೆ, ಲಂಬಾಣಿಯಿಂದಲೂ ನಾಯಕನಿಂದಲೂ ಲಿಂಗಾಯತನಿಂದಲೂ ಪಡೆಯುತ್ತದೆ. ಆದುದರಿಂದ ಅದರ ಎದುರು ನಿಲ್ಲುವವರೂ ಎಲ್ಲರೂ ಆಗಿರಬೇಕು. ನಮ್ಮ ಮೊಹಲ್ಲಾದ ನಾಲ್ವರು ಜೊತೆಗಾರರು ನಮ್ಮವರಿಗೆ ಮಾತ್ರ ಜೊತೆ ನಿಂತರೆ ಕೆಲಸ ಅರ್ಧವಾದಂತೆ. ಪಕ್ಕದ ಮಂಚದವಳಿಗೂ ನಿಲ್ಲಬೇಕು.

ಆ ಬೆಳಿಗ್ಗೆ ಸಾಲ ಕೇಳಿ ಬಂದ ವೃದ್ಧೆಗೆ ನಾವು ಹಣ ಕೊಟ್ಟೆವು. ಅವಳು ಕೈಮುಗಿದು ಅದನ್ನು ಪಡೆದು, ನೇರವಾಗಿ ಹೋಗಿ ಆಯಾಳ ಕೈಗೆ ಹಾಕಿದಳು. ನಾವು ನೋಡುತ್ತ ನಿಂತಿದ್ದೆವು. ಅಂದು ನಾವು ಕೊಡಬೇಕಾಗಿದ್ದದ್ದು ಹಣವಲ್ಲ. ಅವಳ ಜೊತೆಗೆ ಹತ್ತು ಹೆಜ್ಜೆ ನಡೆದು, ಆ ಬಾಗಿಲ ಮುಂದೆ ನಿಂತು, ಇದು ಉಚಿತ ಎಂಬ ಒಂದು ಮಾತನ್ನು ಹೇಳಬೇಕಾಗಿತ್ತು. ನಾವು ಹೇಳಲಿಲ್ಲ. ಆ ಲಜ್ಜೆಯನ್ನು ಹೊತ್ತೇ ಇಂದು ನಿಮ್ಮ ಮುಂದೆ ನಿಂತಿದ್ದೇವೆ. ನಿಮಗೆ ಅಂತಹ ಬೆಳಿಗ್ಗೆ ಎದುರಾದಾಗ ಆ ಹತ್ತು ಹೆಜ್ಜೆ ನಡೆಯುವ ಧೈರ್ಯವನ್ನು ಅಲ್ಲಾಹನು ನಿಮಗೂ ನಮಗೂ ದಯಪಾಲಿಸಲಿ.